ಬೆಲೆ ಮುಂದೆ, ಕಥೆ ಹಿಂದೆ

ಮಗಳೇ, ನೀನು ಡಿಮ್ಯಾಟ್ ಖಾತೆ ತೆರೆದದ್ದು ಒಳ್ಳೆಯದೇ ಆಯಿತು. ದುಡಿಯಲು ಶುರುಮಾಡಿದ ವಯಸ್ಸಿನಲ್ಲೇ ಉಳಿತಾಯದ ಒಂದು ಪಾಲು ಷೇರಿಗೆ ಹೋಗಲಿ. ನನಗೆ ಆತಂಕವಿರುವುದು ಷೇರಿನ ಬಗ್ಗೆ ಅಲ್ಲ, ಅದರ ಸುತ್ತ ದಿನವಿಡೀ ನಿನ್ನ ಕಿವಿಗೆ ಬೀಳುವ ಕಥೆಗಳ ಬಗ್ಗೆ.

2024ರ ಜೂನ್ ಮೊದಲ ವಾರವನ್ನೇ ನೋಡು. 3ನೇ ತಾರೀಕು ಸೋಮವಾರ ಎಕ್ಸಿಟ್ ಪೋಲ್ ನಂಬಿ ಸೆನ್ಸೆಕ್ಸ್ 2,507 ಅಂಶ ಜಿಗಿಯಿತು. ಮಂಗಳವಾರ ಮತ ಎಣಿಕೆ. ಆಡಳಿತ ಪಕ್ಷಕ್ಕೆ ಸ್ವಂತ ಬಲದ ಬಹುಮತ ಸಿಗಲಿಲ್ಲ, 4,390 ಅಂಶ ಕುಸಿಯಿತು. ಬುಧವಾರ ಮತ್ತೆ 2,303 ಅಂಶ ಮೇಲೆ. ಶುಕ್ರವಾರದ ಹೊತ್ತಿಗೆ ಸೋಮವಾರದ ಮಟ್ಟವನ್ನೂ ದಾಟಿಬಿಟ್ಟಿತ್ತು. ಒಂದೊಂದು ದಿನಕ್ಕೂ ಒಂದೊಂದು ವಿವರಣೆ: ಸ್ಥಿರ ಸರ್ಕಾರ, ಸುಧಾರಣೆಗೆ ಹಿನ್ನಡೆ, ಮೈತ್ರಿ ಗಟ್ಟಿ. ಆ ವಾರದಲ್ಲಿ ಪೀಣ್ಯದ ಕಾರ್ಖಾನೆಗಳ ಆರ್ಡರ್ ಪುಸ್ತಕದಲ್ಲಿ ಏನು ಬದಲಾಗಿತ್ತು ಹೇಳು? ಮಂಗಳವಾರ ಹೆದರಿ ಮಾರಿದವರು ಮಾರಿದ್ದು ಕಂಪನಿಯನ್ನಲ್ಲ, ಆ ದಿನದ ಕಥೆಯನ್ನು.

ಹಾಗೆಂದು ಕಥೆಗಳೆಲ್ಲ ಸುಳ್ಳು ಎನ್ನುತ್ತಿಲ್ಲ. ನಿಜವಾದ ಕಥೆಯಲ್ಲೇ ಅಪಾಯ ಹೆಚ್ಚು. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ದಾಟಿದಾಗ ಎಲ್ಲರ ಬಾಯಲ್ಲೂ 'ಡಿಕಪ್ಲಿಂಗ್'. ಅಮೆರಿಕ ಮುಗ್ಗರಿಸಿದರೂ ಭಾರತದ ಬೆಳವಣಿಗೆ ನಿಲ್ಲದು ಎಂಬ ವಾದ. ಬೆಳವಣಿಗೆಯ ಮಟ್ಟಿಗೆ ಅದು ಹುಸಿಯಾಗಲಿಲ್ಲ. ಅಲ್ಲಿ ಆರ್ಥಿಕತೆ ಕುಗ್ಗಿದಾಗಲೂ ನಮ್ಮದು ಬೆಳೆಯುತ್ತಲೇ ಇತ್ತು. ಆದರೂ 2009ರ ಮಾರ್ಚಿನಲ್ಲಿ ಸೂಚ್ಯಂಕ 8,160ಕ್ಕೆ ಬಂದು ನಿಂತಿತ್ತು. ಕೊಂಡವರು ಆ ಕಥೆಗೆ ಮೊದಲೇ ದುಬಾರಿ ಬೆಲೆ ತೆತ್ತಿದ್ದರು. ಎರಡೇ ತಿಂಗಳಲ್ಲಿ, ಮೇ 18ರಂದು, ಚುನಾವಣಾ ಫಲಿತಾಂಶದ ಹುರುಪಿಗೆ ಸೂಚ್ಯಂಕ ಎಷ್ಟು ಏರಿತೆಂದರೆ ದಿನದ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜನ ಕೈತೊಳೆದುಕೊಂಡು ಹೊರಟುಹೋಗಿದ್ದರು.

ಸುದ್ದಿ ಓದುವಾಗ ಒಂದು ಪರೀಕ್ಷೆ ಮಾಡು. ರೂಪಾಯಿ ಇಳಿದ ದಿನ ಐಟಿ ಷೇರು ಏರಿದರೆ, ಡಾಲರ್ ಗಳಿಕೆ ಹೆಚ್ಚುತ್ತದೆ ಎನ್ನುತ್ತಾರೆ. ಅದೇ ದಿನ ಬಿದ್ದರೆ, ವಿದೇಶಿ ಹೂಡಿಕೆದಾರರು ಹಣ ಹಿಂತೆಗೆಯುತ್ತಿದ್ದಾರೆ ಎನ್ನುತ್ತಾರೆ. ಏರಿಕೆಗೂ ಇಳಿಕೆಗೂ ಒಂದೇ ಸುದ್ದಿ ಕಾರಣವಾಗಬಲ್ಲದಾದರೆ ಅದರ ಮೇಲೆ ದುಡ್ಡು ಹಾಕಬೇಡ, ತೆಗೆಯಲೂ ಬೇಡ.

ಅದರ ಬದಲು ಕಂಪನಿಯ ವಾರ್ಷಿಕ ವರದಿ ಬಿಡಿಸು. ಅಧ್ಯಕ್ಷರ ಭಾಷಣ ಆಮೇಲೆ ಓದಿದರಾಯಿತು. ಮೊದಲು ನಗದು ಹರಿವಿನ ಪುಟಕ್ಕೆ ಹೋಗು. ಲಾಭ ವರ್ಷ ವರ್ಷ ಏರುತ್ತಿದ್ದು, ವ್ಯವಹಾರದಿಂದ ಬಂದ ನಗದು ಮಾತ್ರ ಏರದಿದ್ದರೆ ಗ್ರಾಹಕರಿಂದ ಹಣ ವಸೂಲಾಗುತ್ತಿಲ್ಲವೇ, ಸರಕು ಗೋದಾಮಿನಲ್ಲೇ ಕೊಳೆಯುತ್ತಿದೆಯೇ ನೋಡು. ಸಾಲ ಎಷ್ಟು ಬೆಳೆದಿದೆ, ಪ್ರವರ್ತಕರು ತಮ್ಮ ಷೇರು ಅಡವಿಟ್ಟಿದ್ದಾರೆಯೇ, ಅದನ್ನೂ ನೋಡು. ಕೊಳ್ಳುವ ಮುನ್ನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡು: ಏಕೆ ಕೊಳ್ಳುತ್ತಿದ್ದೇನೆ, ಏನಾದರೆ ನನ್ನ ಎಣಿಕೆ ತಪ್ಪು. ಬೆಲೆ ಬಿದ್ದ ದಿನ ಮೊಬೈಲ್ ಪಕ್ಕಕ್ಕಿಟ್ಟು ಆ ಎರಡು ಸಾಲು ಓದು.

ಫ್ಯೂಚರ್ಸ್, ಆಪ್ಷನ್ಸ್ ಕಡೆ ಮಾತ್ರ ತಲೆಹಾಕಬೇಡ. 2021–22ರಿಂದ ಮೂರು ವರ್ಷಗಳಲ್ಲಿ ಅಲ್ಲಿ ಆಡಿದ ಸಾಮಾನ್ಯ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಮತ್ತೆ, ತಮ್ಮನ ಕಾಲೇಜು ಫೀಸಿಗೆಂದು ಕೂಡಿಸಿದ ಹಣ ಬ್ಯಾಂಕಿನಲ್ಲೇ ಇರಲಿ. ಮಾರುಕಟ್ಟೆ ಬಿದ್ದಾಗ ಅದು ಮೇಲೇಳುವ ತನಕ ಕಾಯಬಲ್ಲ ದುಡ್ಡನ್ನಷ್ಟೇ ಷೇರಿಗೆ ಹಾಕು.