ಕರುಳಿನ ಏಡಿಗಂತಿ: ತಿಳಿವಳಿಕೆಯೇ ಮೊದಲ ಮದ್ದು

ಕೆಲವು ರೋಗಗಳು ಹಠಾತ್ತನೆ ಎರಗುತ್ತವೆ. ಮತ್ತೆ ಕೆಲವು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೈಮೀರಿದ ಮೇಲೆ ತಲೆದೋರುತ್ತವೆ. ದೊಡ್ಡ ಕರುಳು ಮತ್ತು ಮಲಾಶಯದ ಏಡಿಗಂತಿ, ಎಂದರೆ ಕ್ಯಾನ್ಸರ್, ಈ ಎರಡನೆಯ ಬಗೆಯದು. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಲ್ಲಿ ಇದು ಹೊಸದಾಗಿ ಕಂಡುಬಂದಿತು. ಸುಮಾರು 9 ಲಕ್ಷ ಜನ ಇದಕ್ಕೆ ಬಲಿಯಾದರು. ಆದರೂ ಮುಂಚಿತವಾಗಿಯೇ ತಡೆಯಬಹುದಾದ ಏಡಿಗಂತಿಗಳಲ್ಲಿ ಇದೂ ಒಂದು. ತಡೆಯಬಹುದಾದ ರೋಗದಿಂದ ಜನರು ಏಕೆ ಸಾಯಬೇಕು? ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಜನಸಮುದಾಯದ ನಿದರ್ಶನದಿಂದ ಇದಕ್ಕೆ ಉತ್ತರವನ್ನು ಹುಡುಕೋಣ.

ರೋಗ ಬೆಳೆಯುವ ಬಗೆ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ನಾಳ. ಅದರ ಒಳಪೊರೆಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರುತ್ತವೆ. ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತವೆ. ಈ ನಿರಂತರ ವಿಭಜನೆಯಲ್ಲಿ ಒಮ್ಮೊಮ್ಮೆ ತಪ್ಪು ನುಸುಳಿ, ಕೋಶಗಳು ಮಿತಿಮೀರಿ ಬೆಳೆದು ಪುಟ್ಟ ಗಂಟಾಗುತ್ತವೆ. ಇದಕ್ಕೆ ‘ಪಾಲಿಪ್’ ಎಂದು ಹೆಸರು. ಇವುಗಳಲ್ಲಿ ಬಹುಪಾಲು ನಿರಪಾಯಕರ. ಕೆಲವು ಮಾತ್ರ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಏಡಿಗಂತಿಯಾಗಿ ಮಾರ್ಪಡುತ್ತವೆ. ಈ ದೀರ್ಘಾವಧಿಯೇ ನಮಗೆ ದೊರೆಯುವ ಸದವಕಾಶ. ಗಂಟನ್ನು ಆಗಲೇ ತೆಗೆದುಹಾಕಿದರೆ ಅದು ಏಡಿಗಂತಿಯಾಗುವ ಮಾತೇ ಇಲ್ಲ. ರೋಗವು ಕರುಳಿನಲ್ಲಿಯೇ ಇರುವಾಗ ಪತ್ತೆಯಾದರೆ, ಅಮೆರಿಕದ ಅಂಕಿಅಂಶಗಳಂತೆ, ನೂರಕ್ಕೆ ಸುಮಾರು 90 ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆ; ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಸುಮಾರು 15 ಮಂದಿ ಮಾತ್ರ.

ಪರೀಕ್ಷೆಯ ವಿಧಾನಗಳು

ಪಾಲಿಪ್ ಮತ್ತು ಗಂತಿಗಳಿಂದ ರಕ್ತವು ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಸೋರುವುದುಂಟು. ಮಲದಲ್ಲಿರುವ ಈ ಗುಪ್ತ ರಕ್ತವನ್ನು ಗುರುತಿಸುವುದು ಒಂದು ವಿಧಾನ. ಹಳೆಯ ಪರೀಕ್ಷೆಯಲ್ಲಿ ಗ್ವಾಯಕಮ್ ಎಂಬ ಮರದ ರಾಳವನ್ನು ಸವರಿದ ಕಾಗದವನ್ನು ಬಳಸುತ್ತಿದ್ದರು. ಹೈಡ್ರೊಜನ್ ಪೆರಾಕ್ಸೈಡ್ ಹನಿಸಿದಾಗ, ರಕ್ತವಿದ್ದಲ್ಲಿ ಕಾಗದ ನೀಲಿಯಾಗುವುದು. ಆದರೆ ತಿಂದ ಮಾಂಸದ ರಕ್ತವೂ ಹೀಗೆಯೇ ವರ್ತಿಸಬಲ್ಲುದು. ಈಗಿನ ಪರೀಕ್ಷೆ ಪ್ರತಿಕಾಯಗಳ ನೆರವಿನಿಂದ ಮಾನವ ಹಿಮೊಗ್ಲೋಬಿನ್ನನ್ನು ಮಾತ್ರ ಗುರುತಿಸುವುದರಿಂದ ಪಥ್ಯದ ಅಗತ್ಯವಿಲ್ಲ. ಇದನ್ನು ವರ್ಷಕ್ಕೊಮ್ಮೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಎರಡನೆಯ ವಿಧಾನ ಕೊಲೊನೊಸ್ಕೊಪಿ. ಬಳುಕುವ ದರ್ಶಕನಳಿಗೆಯಿಂದ ಇಡೀ ದೊಡ್ಡ ಕರುಳನ್ನು ನೋಡಿ, ಕಂಡ ಪಾಲಿಪ್‌ಗಳನ್ನು ಅಲ್ಲಿಯೇ ಕತ್ತರಿಸಬಹುದು. ದೋಷವಿಲ್ಲದಿದ್ದರೆ ಇದನ್ನು ಹತ್ತು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಮಲಪರೀಕ್ಷೆಯಲ್ಲಿ ರಕ್ತ ಕಂಡುಬಂದವರಿಗೂ ಇದು ಅವಶ್ಯ.

ಮಿನೆಸೋಟ ರಾಜ್ಯದಲ್ಲಿ 46,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ವರ್ಷವರ್ಷವೂ ಮಲಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ರೋಗದ ಸಾವು ಮೂರನೆಯ ಒಂದರಷ್ಟು ತಗ್ಗಿತ್ತು. 2021ರಲ್ಲಿ ಅಮೆರಿಕದ ತಜ್ಞಮಂಡಲಿಯು ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು.

ಹಿಸ್ಪಾನಿಕ್ ಜನರ ನಿದರ್ಶನ

ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಮುಂತಾದ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರನ್ನು ಅಮೆರಿಕದಲ್ಲಿ ಹಿಸ್ಪಾನಿಕರೆನ್ನುತ್ತಾರೆ. 2020ರ ಜನಗಣತಿಯಂತೆ ಇವರ ಸಂಖ್ಯೆ 6 ಕೋಟಿ 21 ಲಕ್ಷ. ಮೇಲೆ ಹೇಳಿದ ಗ್ವಾಯಕಮ್ ಮರ ಬೆಳೆಯುವುದೂ ಇವರಲ್ಲಿ ಅನೇಕರ ಪೂರ್ವಿಕರ ಕೆರಿಬಿಯನ್ ದ್ವೀಪಗಳಲ್ಲಿಯೇ! ಆದರೆ ಆ ಪರೀಕ್ಷೆಯ ಪ್ರಯೋಜನವನ್ನು ಪಡೆಯುವುದರಲ್ಲಿ ಇವರು ಅಲ್ಲಿನ ಬಿಳಿಯರಿಗಿಂತ ಹಿಂದುಳಿದಿದ್ದಾರೆ.

ಇದಕ್ಕೆ ಕಾರಣಗಳು ಹಲವು. ನೋವಿಲ್ಲದಿರುವಾಗ ಪರೀಕ್ಷೆ ಏತಕ್ಕೆಂಬ ಭಾವನೆ ಒಂದು. ಏಡಿಗಂತಿಯೆಂದರೆ ಮರಣವೇ, ವಿಧಿಬರಹವನ್ನು ತಪ್ಪಿಸಲಾಗದೆಂಬ ನಂಬಿಕೆ ಮತ್ತೊಂದು. ಗುಪ್ತಾಂಗಗಳ ಪರೀಕ್ಷೆಯ ಬಗೆಗಿನ ಸಂಕೋಚವೂ ಉಂಟು. ಹಾಗೆಂದು ದೋಷವನ್ನೆಲ್ಲ ಜನರ ಮೇಲೆ ಹೊರಿಸುವುದು ಅನ್ಯಾಯ. ಇವರಲ್ಲಿ ಆರೋಗ್ಯ ವಿಮೆಯಿಲ್ಲದವರ ಪ್ರಮಾಣ ಹೆಚ್ಚು. ಅನೇಕರಿಗೆ ಕಾಯಂ ವೈದ್ಯರಿಲ್ಲ. ಇಂಗ್ಲಿಷ್ ಬಾರದವರಿಗೆ ವೈದ್ಯರ ಮಾತು ತಲುಪುವುದಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಿರೆಂದು ಯಾರೂ ಹೇಳದಿದ್ದರೆ, ಅದೊಂದು ಇದೆಯೆಂಬುದು ತಿಳಿಯುವುದಾದರೂ ಹೇಗೆ?

ಪರಿಹಾರಗಳು ಸರಳವಾಗಿಯೇ ಇವೆ. ‘ಪ್ರೊಮೊತೋರಾ’ ಎಂಬ ಆರೋಗ್ಯ ಕಾರ್ಯಕರ್ತೆಯರು ಅದೇ ಸಮುದಾಯದವರಾಗಿದ್ದು, ಮನೆಮಾತಿನಲ್ಲಿಯೇ ವಿಷಯವನ್ನು ವಿವರಿಸುತ್ತಾರೆ. ಆಯ್ಕೆಗೆ ಅವಕಾಶವೀಯುವುದೂ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಿಸ್ಪಾನಿಕರೂ ಸೇರಿದಂತೆ ನಾನಾ ಮೂಲದವರ ಮೇಲೆ ನಡೆದು, 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಿರಿ. ಕೊಲೊನೊಸ್ಕೊಪಿಯೊಂದನ್ನೇ ಸೂಚಿಸಿದಾಗ ನೂರಕ್ಕೆ 38 ಮಂದಿ ಮಾತ್ರ ತಪಾಸಣೆಯನ್ನು ಪೂರೈಸಿದರು. ಎರಡರಲ್ಲಿ ಯಾವುದಾದರೂ ಆಗಬಹುದೆಂದಾಗ 69 ಮಂದಿ ಪೂರೈಸಿದರು.

ಉಪಕರಣವೂ ಔಷಧವೂ ಇದ್ದರೆ ಸಾಲದು. ಅವುಗಳ ಸುದ್ದಿ ಜನರಿಗೆ ಅವರ ನುಡಿಯಲ್ಲಿ ತಲುಪಬೇಕು, ಅವುಗಳ ವೆಚ್ಚ ಅವರ ಕೈಗೆ ಎಟುಕಬೇಕು. ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಮಾತುಂಟು: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕದ ಇಳಿತ, ಬಹುದಿನ ಉಳಿದ ಮಲವಿಸರ್ಜನೆಯ ವ್ಯತ್ಯಾಸ ಇವು ಕಂಡರೆ, ವಯಸ್ಸೆಷ್ಟೇ ಇರಲಿ, ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಮನೆಯ ಹಿರಿಯರಿಗೆ ಇದನ್ನು ತಿಳಿಯಹೇಳುವ ಕೆಲಸ ಓದುಬಲ್ಲ ನಮ್ಮೆಲ್ಲರದು.