ಎವೊಲೆನ್: ಹಿಮಬೆಟ್ಟದ ಮಗ್ಗುಲಿನ ಒಂದು ಪಂಚಾಯಿತಿ



ಸ್ವಿಟ್ಜರ್ಲೆಂಡ್ ದೇಶದ ವಾಲೆ ಪ್ರಾಂತದಲ್ಲಿ ಎವೊಲೆನ್ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರ. ಸುತ್ತಣ ಹಲವು ಹಳ್ಳಿಗಳು ಸೇರಿ ಒಂದೇ ಪಂಚಾಯಿತಿ. ಜನಸಂಖ್ಯೆ 2,000ಕ್ಕಿಂತ ಕಡಿಮೆ. ಶಾಲೆ, ಕಚೇರಿಗಳಲ್ಲಿ ಫ್ರೆಂಚ್ ಭಾಷೆ. ಆದರೂ ಹಿರಿಯರ ಹಳೆಯ ಆಡುಮಾತನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವ ಸಂಸಾರಗಳು ಇಲ್ಲಿ ಇನ್ನೂ ಇವೆ.

ಮೊದಲು ಇಲ್ಲಿಯ ಕಣಜವನ್ನು ನೋಡಿರಿ. ಮರದ ಕಣಜವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟುತ್ತಿದ್ದರು. ಪ್ರತಿಯೊಂದು ಕಂಬದ ತಲೆಯ ಮೇಲೆ ಬೀಸುಕಲ್ಲಿನಂತಹ ಅಗಲವಾದ ಚಪ್ಪಟೆ ಕಲ್ಲು. ಕಂಬ ಹತ್ತಿ ಬಂದ ಇಲಿ ಆ ಕಲ್ಲಿನ ಅಂಚನ್ನು ದಾಟಲಾರದೆ ಹಿಂದಿರುಗಬೇಕು. ಮದ್ದೂ ಬೇಡ, ಬೋನೂ ಬೇಡ!

ಇನ್ನು ದನಗಳು. ಎರೆನ್ಸ್ ಎಂಬ ಈ ಕಣಿವೆಯ ತಳಿ ಗಿಡ್ಡ, ಗಟ್ಟಿಮುಟ್ಟು. ಬಣ್ಣ ಕಪ್ಪು ಅಥವಾ ಕಂದು. ಬೇಸಗೆಯಲ್ಲಿ ಹಲವರ ಹಸುಗಳನ್ನು ಒಟ್ಟುಗೂಡಿಸಿ ಮೇಲಿನ ಹುಲ್ಲುಗಾವಲಿಗೆ ಹೊಡೆಯುವರು. ಅಲ್ಲಿ ಹಸುಗಳು ತಾವಾಗಿಯೇ ಕೊಂಬು ಕೊಟ್ಟು ಸೆಣಸಿ, ಮಂದೆಗೆ ಯಾರು ಯಜಮಾನಿತಿ ಎಂಬುದನ್ನು ತೀರ್ಮಾನಿಸಿಕೊಳ್ಳುತ್ತವೆ. ಹೋರಿಯಲ್ಲ, ಹಸು! ಗೆದ್ದುದಕ್ಕೆ 'ರಾಣಿ' ಎಂಬ ಹೆಸರು. ಕೆಳಗೆ ಉಳಿದವರಿಗೆ ಹುಲ್ಲು ಕೊಯ್ದು ಒಣಗಿಸುವುದೇ ಕೆಲಸ. ಚಳಿಗಾಲವೆಲ್ಲ ದನ ಕೊಟ್ಟಿಗೆಯಲ್ಲಿಯೇ ನಿಲ್ಲಬೇಕಾದ್ದರಿಂದ ಒಣಹುಲ್ಲು ಸಾಲದಿದ್ದರೆ ಹಸುವಿಲ್ಲ.

ಊರಿಗೆ ಇರುವ ಭಯ ಹಿಮದ್ದು. ಕಡಿದಾದ ಇಳಿಜಾರಿನಲ್ಲಿ ಪದರ ಪದರವಾಗಿ ಬಿದ್ದ ಹಿಮ, ಒಳಗಿನ ಒಂದು ಪದರ ಸಡಿಲವಾದೊಡನೆ ಒಟ್ಟಿಗೆ ಜಾರಿ ಬರುತ್ತದೆ. 1999ರ ಫೆಬ್ರವರಿ 21ರ ಸಂಜೆ, ಹಲವು ದಿನಗಳ ಭಾರಿ ಹಿಮಪಾತದ ಬಳಿಕ, ಈ ಪಂಚಾಯಿತಿಯ ಮೇಲೆ ಹಾಗೆಯೇ ಹಿಮ ಕುಸಿಯಿತು. 12 ಮಂದಿ ಸತ್ತರು.

ಜನರ ದುಃಖ ಅಲ್ಲಿಗೇ ಮುಗಿಯಲಿಲ್ಲ. ಅಪಾಯ ಕಣ್ಣೆದುರಿಗಿದ್ದಾಗ ರಸ್ತೆಯನ್ನು ಏಕೆ ಮುಚ್ಚಲಿಲ್ಲ, ಮನೆಗಳನ್ನು ಏಕೆ ತೆರವು ಮಾಡಿಸಲಿಲ್ಲ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಪಂಚಾಯಿತಿ ಅಧ್ಯಕ್ಷರೂ ಸುರಕ್ಷತೆಯ ಹೊಣೆ ಹೊತ್ತವರೂ ಅಲಕ್ಷ್ಯದಿಂದ ಜೀವಹಾನಿಗೆ ಕಾರಣರಾದರೆಂದು ತೀರ್ಪಾಯಿತು. ಅವರೂ ಅದೇ ಕಣಿವೆಯವರು. ಅದೇ ಹಿಮವನ್ನು ನೋಡುತ್ತ ಬೆಳೆದವರು. ಎಷ್ಟೋ ಚಳಿಗಾಲ ಏನೂ ಆಗದೆ ಕಳೆದ ಊರಿನಲ್ಲಿ, ರಾತ್ರಿ ಮನೆ ಬಿಟ್ಟು ಹೊರಡಿರೆಂದು ನೆರೆಯವರಿಗೆ ಹೇಳುವುದು ಸುಲಭವೆಂದು ನಮಗಂತೂ ತೋರದು. ನ್ಯಾಯಾಲಯ ಹೇಳಿದ್ದು ಇಷ್ಟೆ: ಹೇಳಬೇಕಾಗಿತ್ತು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ತೀರ್ಪನ್ನು ದೇಶದ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಎತ್ತಿಹಿಡಿಯಿತು.