ಅಡುಗೆಮನೆ ಇಲ್ಲದ ಮಾಂಸ

ಕಂಡುಕೇಳದ ಮಾಂಸವನ್ನು ಮೊದಲ ಸಲ ತಿಂದು ಬಂದವರನ್ನು ಹೇಗಿತ್ತು ಎಂದು ಕೇಳಿ ನೋಡಿ. ಬಹುಪಾಲು ಜನ ‘ಕೋಳಿ ಥರಾನೇ ಇತ್ತು’ ಎನ್ನುತ್ತಾರೆ. ಮೊಸಳೆಗೂ ಅದೇ ಮಾತು, ಕಪ್ಪೆಗೂ ಅದೇ ಮಾತು. ಈ ಉತ್ತರದಲ್ಲಿ ರುಚಿಯ ಸುದ್ದಿಯೇ ಇರುವುದಿಲ್ಲ. ಹೆದರಿದಷ್ಟೇನೂ ಆಗಲಿಲ್ಲ ಎಂಬ ನಿಟ್ಟುಸಿರಷ್ಟೇ ಇರುತ್ತದೆ. ಸಿಕ್ಕಿದ್ದನ್ನೆಲ್ಲ ಒಮ್ಮೆ ಬಾಯಿಗೆ ಹಾಕಿಕೊಂಡು ನೋಡುವ ಚಪಲ ನನಗೂ ಉಂಟು. ಆ ಚಪಲದಿಂದ ನಾನು ಕಲಿತದ್ದು ಹೆಚ್ಚೇನಿಲ್ಲ, ಒಂದು ಮಾತು ಮಾತ್ರ: ಹೊಸ ತಿನಿಸು ನಮಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದು ಯಾವ ಪ್ರಾಣಿ, ಯಾವ ಗಿಡ ಎಂಬುದಲ್ಲ, ಅದಕ್ಕೊಂದು ಅಡುಗೆಮನೆ ಇದೆಯೇ ಎಂಬುದು. ಯಾವ ತಿಂಗಳಲ್ಲಿ ತರಬೇಕು, ಯಾವ ಭಾಗ ಬಿಸಾಡಬೇಕು, ಯಾವ ಹುಳಿ ಹಿಂಡಬೇಕು, ಎಷ್ಟು ಹೊತ್ತು ಬೇಯಿಸಬೇಕು, ಯಾರಿಗೆ ಬಡಿಸಬಾರದು ಎಂದು ತಿಳಿದ ಜನ ಇದ್ದರೆ ಅದು ಊಟ. ಅಂಥವರು ಇಲ್ಲದ ಕಡೆ ತಿಂದರೆ ಅದು ಬಾಜಿ ಕಟ್ಟಿ ನುಂಗಿದ್ದು, ಅಷ್ಟೆ.

ಮಲೆನಾಡಿನ ಚಿಗಳಿ ಚಟ್ನಿಯನ್ನೇ ತೆಗೆದುಕೊಳ್ಳಿ. ಮರದ ಎಲೆಗಳನ್ನು ಅಂಚಿಗೆ ಅಂಚು ಎಳೆದು, ತಮ್ಮ ಮರಿಹುಳಗಳು ಬಿಡುವ ರೇಷ್ಮೆಯಿಂದಲೇ ಅಂಟಿಸಿ ಗೂಡು ಕಟ್ಟುವ ಕೆಂಪಿರುವೆಯೇ ಚಿಗಳಿ; ಕೆಲವೆಡೆ ಚಗಳಿ ಎನ್ನುತ್ತಾರೆ. ಕಾಫಿ ಕೊಯ್ಯುವವರಿಗೆ ಇದರ ಕಡಿತದ ಉರಿಯನ್ನು ಯಾರೂ ವಿವರಿಸಬೇಕಿಲ್ಲ. ಗೂಡನ್ನು ಕೊಂಬೆ ಸಮೇತ ಕಡಿದು, ಇರುವೆಯನ್ನೂ ಬಿಳಿ ಮೊಟ್ಟೆ-ಮರಿಗಳನ್ನೂ ಎಲೆಯಿಂದ ಕೊಡವಿ, ಉಪ್ಪು ಹಾಕಿ ಬಾಣಲೆಯಲ್ಲಿ ಹುರಿಯುತ್ತಾರೆ. ಆಗ ಏಳುವ ಹುಳಿ ಘಾಟಿಗೆ ಮೂಗು ಚುರುಗುಟ್ಟುತ್ತದೆ. ಆಮೇಲೆ ಕಾಯಿತುರಿ, ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಅರೆದರೆ ಮುಗಿಯಿತು. ಹುಣಸೆಹಣ್ಣಿನ ಕೆಲಸವನ್ನು ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಮಾಡಿಬಿಡುತ್ತದೆ. ಇದನ್ನು ಬಿಸಿ ಅಕ್ಕಿರೊಟ್ಟಿಯ ಮೇಲೆ ಸವರಿಕೊಂಡವನಿಗೆ ತಾನು ಹುಳ ತಿನ್ನುತ್ತಿದ್ದೇನೆ ಎನಿಸುವುದಿಲ್ಲ, ಹುಳಿಖಾರದ ಚಟ್ನಿ ಎನಿಸುತ್ತದೆ. ಸಾವಿರ ಕಿಲೋಮೀಟರಿಗೂ ಆಚೆ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಇದೇ ಇರುವೆಯನ್ನು ಹೆಚ್ಚುಕಡಿಮೆ ಇದೇ ಬಗೆಯಲ್ಲಿ, ಉಪ್ಪು, ಮೆಣಸು, ಬೆಳ್ಳುಳ್ಳಿಯ ಜೊತೆ ಅರೆಯುತ್ತಾರೆ. ಅವರ ಸಿಮಿಲಿಪಾಲ್ ಕಾಯ್ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬಸ್ತರಿನಲ್ಲೂ ಇಂಥದೇ ಚಟ್ನಿ ಇದೆ. ಇಷ್ಟು ದೂರದೂರದ ಅಡುಗೆಮನೆಗಳು ಒಂದೇ ಕಡೆಗೆ ಬಂದು ನಿಂತಿವೆ ಎಂದರೆ, ಅದು ಹಸಿವಿಗೆ ಸಿಕ್ಕಿದ್ದನ್ನು ಗಬಕ್ಕನೆ ತಿಂದ ಕಥೆಯಲ್ಲ, ತಲೆಮಾರುಗಳ ಕಲಿಕೆ.

ಇದೆಲ್ಲ ಮಾಂಸ ತಿನ್ನುವವರ ತಾಪತ್ರಯ, ನಮಗೇನು ಎಂದು ಸಸ್ಯಾಹಾರಿಗಳು ಅಂದುಕೊಳ್ಳಬೇಕಿಲ್ಲ. ಮಳೆಗಾಲದಲ್ಲಿ ಸಂತೆಗೆ ಬರುವ ಕಳಲೆಯಲ್ಲಿ, ಅಂದರೆ ಎಳೆ ಬಿದಿರಿನ ಮೊಳಕೆಯಲ್ಲಿ, ಹಸಿಯಾಗಿದ್ದಾಗ ಸಯನೈಡ್ ಬಿಡುವ ಸಂಯುಕ್ತ ಇರುತ್ತದೆ. ಅದಕ್ಕೇ ಅದನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಹಾಕುವುದು, ದಿನಾ ನೀರು ಚೆಲ್ಲಿ ಹೊಸ ನೀರು ತುಂಬುವುದು, ಆಮೇಲೆ ಬೇಯಿಸುವುದು. ಕೊಡಗಿನ ಬೈಂಬಳೆ ಕರಿಯಾಗಲಿ, ತುಳುನಾಡಿನ ಕಣಿಲೆ ಪಲ್ಯವಾಗಲಿ, ಈ ಕ್ರಮ ತಪ್ಪಿ ಒಲೆಗೆ ಏರುವುದಿಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಪತ್ರೊಡೆಯ ಹಿಟ್ಟಿಗೆ ಹುಣಸೆ ಹುಳಿ ಮುಂದಾಗಿ ಬೀಳುವುದೂ ಹಬೆಯಲ್ಲಿ ಚೆನ್ನಾಗಿ ಬೇಯುವುದೂ ಗಂಟಲ ತುರಿಕೆಯ ಭಯದಿಂದ. ಈ ಎರಡನ್ನೂ ಕಂಡುಹಿಡಿದವರಿಗೆ ಸಯನೈಡ್ ಎಂಬ ಹೆಸರು ತಿಳಿದಿರಲಿಲ್ಲ, ಆಕ್ಸಲೇಟ್ ಎಂಬುದೂ ತಿಳಿದಿರಲಿಲ್ಲ. ಏನು ಮಾಡಬೇಕೆಂಬುದು ತಿಳಿದಿತ್ತು, ಅಷ್ಟು ಸಾಕಾಯಿತು.

ಅಡುಗೆಮನೆಯನ್ನು ಹಿಂದೆ ಬಿಟ್ಟು ತಿನಿಸೊಂದೇ ಊರು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮುಸುಕಿನ ಜೋಳಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲನಿವಾಸಿಗಳು ಜೋಳವನ್ನು ಸುಣ್ಣದ ನೀರಲ್ಲಿ ಕುದಿಸಿ, ನೆನೆಸಿ, ತೊಳೆದು, ಆಮೇಲೆ ಅರೆಯುತ್ತಾರೆ. ಕೊಲಂಬಸ್‌ನ ಕಾಲದ ನಂತರ ಜೋಳ ಯುರೋಪಿಗೆ ಹೋಯಿತು, ಸುಣ್ಣದ ನೀರು ಹೋಗಲಿಲ್ಲ. ಸಿಪ್ಪೆ ತೆಗೆಯಲು ಯಂತ್ರಗಳಿರುವಾಗ ಆ ರಗಳೆ ಯಾಕೆ ಅಂದುಕೊಂಡರು. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವನ್ನು ಮೈಗೆ ದಕ್ಕುವಂತೆ ಬಿಡಿಸಿಕೊಡುವುದೇ ಆ ಸುಣ್ಣ. ಅದಿಲ್ಲದೆ ಜೋಳವನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರ ಬಂತು: ಚರ್ಮ ಬಿರಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಇದನ್ನು 1735ರಲ್ಲೇ ಗುರುತಿಸಿದ್ದ. ಉತ್ತರ ಇಟಲಿಯ ಹಳ್ಳಿಗಳಲ್ಲಿ, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ಇದರಿಂದ ಸತ್ತರು. ಬೂಷ್ಟು ಹಿಡಿದ ಜೋಳದ ವಿಷವೆಂದೋ ಸೋಂಕೆಂದೋ ಎಷ್ಟೋ ವೈದ್ಯರು ನಂಬಿದ್ದರು. ಊಟದ ಕೊರತೆ ಎಂದು ತೋರಿಸಿಕೊಡಲು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಹೆಣಗಾಡಬೇಕಾಯಿತು. ಜೋಳವನ್ನು ಮೊದಲು ಬೆಳೆದವರ ಅಡುಗೆಮನೆಯಲ್ಲಿ ಒಬ್ಬಾಕೆಯನ್ನು ಕೇಳಿದ್ದರೆ ಸಾಕಿತ್ತು. ಕೇಳಲು ಅವರನ್ನು ಮನುಷ್ಯರೆಂದು ಎಣಿಸಿರಬೇಕಿತ್ತು, ಆ ಮಾತು ಬೇರೆ.

ನಮ್ಮ ಪಕ್ಕದಲ್ಲೇ ನಡೆದ ಎಮು ಪ್ರಕರಣ ಅಷ್ಟು ದಾರುಣವಲ್ಲದಿದ್ದರೂ ಹೇಳುವ ಮಾತು ಅದೇ. ಆಸ್ಟ್ರೇಲಿಯದ ಈ ದೊಡ್ಡ ಹಕ್ಕಿಯನ್ನು ಸಾಕಿದರೆ ಮಾಂಸ, ಎಣ್ಣೆ, ಚರ್ಮ, ಮೊಟ್ಟೆಚಿಪ್ಪು ಎಲ್ಲಕ್ಕೂ ಬೆಲೆ ಎಂಬ ಪ್ರಚಾರ ನಂಬಿ ದಕ್ಷಿಣ ಭಾರತದ ರೈತರು ಹಣ ಹಾಕಿದರು. 2012ರಲ್ಲಿ ತಮಿಳುನಾಡಿನ ಈರೋಡು ಭಾಗದಲ್ಲಿ ಆ ವ್ಯವಹಾರ ಕುಸಿದು, ಮೇವು ಹಾಕುವವರಿಲ್ಲದೆ ಹಕ್ಕಿಗಳು ಸತ್ತವು. ಮೋಸ ಎಲ್ಲಿ ಆಯಿತೆಂದು ಪೊಲೀಸರೂ ನ್ಯಾಯಾಲಯವೂ ನೋಡಿದ್ದಾರೆ. ನನ್ನ ಪ್ರಶ್ನೆ ಇನ್ನೊಂದು: ಅಷ್ಟೊಂದು ಹಕ್ಕಿಗಳಿದ್ದವಲ್ಲ, ಯಾಕೆ ಯಾರೂ ತಿನ್ನಲಿಲ್ಲ? ಎಮು ಮಾಂಸ ಕೊಬ್ಬಿಲ್ಲದ ಕೆಂಪು ಮಾಂಸ. ಅದನ್ನು ನಾಟಿಕೋಳಿಯಂತೆ ಮಸಾಲೆಯಲ್ಲಿ ಕುದಿಸುತ್ತ ಕೂತರೆ ನಾರುನಾರಾಗುತ್ತದೆ. ನಮ್ಮ ಯಾವ ಮನೆಯಲ್ಲೂ ಅದಕ್ಕೊಂದು ಹದ ಇರಲಿಲ್ಲ, ಹಬ್ಬ ಇರಲಿಲ್ಲ, ‘ಅಜ್ಜಿ ಮಾಡ್ತಿದ್ದ ಎಮು ಸಾರು’ ಎಂಬ ನೆನಪಿರಲಿಲ್ಲ. ರೇಷ್ಮೆಯ ಹುಳದ್ದೂ ಹೀಗೇ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಕೋಶದಿಂದ ತೆಗೆದ ತಾಜಾ ಹುಳವನ್ನು ಚಪ್ಪರಿಸಿ ತಿನ್ನುತ್ತಾರೆ. ಕೊರಿಯಾದ ಬೀದಿಗಳಲ್ಲಿ ರೇಷ್ಮೆಹುಳು ಬೇಯಿಸಿ ಕಾಗದದ ಲೋಟದಲ್ಲಿ ಮಾರುತ್ತಾರೆ. ದೇಶದಲ್ಲೇ ರೇಷ್ಮೆಗೆ ಹೆಸರಾದ ನಮ್ಮ ರಾಜ್ಯದಲ್ಲಿ ನೂಲು ಬಿಚ್ಚಿದ ಮೇಲೆ ಉಳಿದ ಹುಳ ನಾತ ಹೊಡೆಯುತ್ತ ಬಿದ್ದಿದ್ದು ಮೀನಿಗೋ ಕೋಳಿಗೋ ಮೇವಾಗುತ್ತದೆ. ಇಲ್ಲಿ ಅದನ್ನು ಯಾರೂ ಆಹಾರವೆಂದು ಕೈಗೆತ್ತಿಕೊಂಡೇ ಇಲ್ಲ. ಆ ನಾತ ಮೂಸಿದವರು ಹುಳ ತಿನ್ನುವವರ ಬಗ್ಗೆ ತೀರ್ಪು ಕೊಟ್ಟರೆ ಅದನ್ನು ಒಪ್ಪಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದೇ. ಅಸಹ್ಯ ಎಂಬುದು ಸುಮ್ಮನೆ ಬಂದಿಲ್ಲ, ಕೊಳೆತದ್ದು, ವಿಷದ್ದು ಬಾಯಿಗೆ ಹೋಗದಂತೆ ಕಾಯಲು ನಿಸರ್ಗವೇ ಇಟ್ಟ ಕಾವಲು. ಅದನ್ನು ಮೀರುವುದು ಯಾವ ಜಾಣತನ ಎಂದು ಕೇಳುತ್ತಾರೆ. ಕಾವಲು ಹೌದು, ಆದರೆ ಅದರ ಕಣ್ಣು ಅಷ್ಟೇನೂ ಚುರುಕಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರಿಮಿರಹಿತ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯ ಏನೂ ಇಲ್ಲವೆಂದು ಗೊತ್ತಿದ್ದೂ ಜನರಿಗೆ ಆ ರಸ ಬೇಡವಾಯಿತು. ಅದೇ ಕಾವಲು ಹಸಿ ಕಳಲೆಯನ್ನು ತಡೆಯುವುದಿಲ್ಲ. ಪ್ರಾಣ ತೆಗೆಯುವ ಅಣಬೆಯನ್ನೂ ತಡೆಯುವುದಿಲ್ಲ. ಯುರೋಪಿನ ‘ಡೆತ್ ಕ್ಯಾಪ್’ ಅಣಬೆ ತಿಂದು ಬದುಕಿ ಉಳಿದವರು ಅದು ರುಚಿಯಾಗಿತ್ತೆಂದೇ ಹೇಳಿದ್ದಾರೆ. ಗುಡುಗು ಮಳೆಯ ನಂತರ ಹುತ್ತದ ಮೇಲೆ ಏಳುವ ಅಣಬೆ ಯಾವುದು, ಅದರ ಹಾಗೇ ಕಾಣುವ ವಿಷದ್ದು ಯಾವುದು ಎಂದು ಹೇಳಬಲ್ಲವರು ಅದನ್ನು ಪ್ರತಿವರ್ಷ ಕಿತ್ತು ತರುವವರೇ. ಬೆಳ್ಳಿ ಕಪ್ಪಾದರೆ ವಿಷ ಎಂಬಂಥ ಪರೀಕ್ಷೆಗಳನ್ನು ನಂಬಿ ಬದುಕುವ ಹಾಗಿಲ್ಲ. ಹಾಗಾಗಿ ಹೊಟ್ಟೆ ತೊಳಸುತ್ತಿದೆ ಎಂಬುದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ; ಅದರ ಕೈಗೆ ತೀರ್ಪನ್ನು ಮಾತ್ರ ಕೊಡುವುದಿಲ್ಲ.

ಅಸಹ್ಯಕ್ಕೆ ಇನ್ನೊಂದು ಚಾಳಿಯೂ ಇದೆ, ಅದು ಮೇಲುಕೀಳು ನೋಡುತ್ತದೆ. ಫ್ರಾನ್ಸಿನ ಬಸವನಹುಳುವನ್ನು ಬೆಣ್ಣೆ ಬೆಳ್ಳುಳ್ಳಿಯ ಜೊತೆ ಬೆಳ್ಳಗಿನ ತಟ್ಟೆಯಲ್ಲಿಟ್ಟರೆ ಅನುಭವ ಎನ್ನುತ್ತೇವೆ. ಗದ್ದೆಯ ಏಡಿಯನ್ನು ಹಿಡಿದು ಸಾರು ಮಾಡುವ ಪಕ್ಕದ ಕೇರಿಯವರನ್ನು ಕಂಡರೆ ಮುಖ ಹಿಂಡುತ್ತೇವೆ. ಬೋಟಿ, ರಕ್ತದ ಪಲ್ಯ, ತಲೆಮಾಂಸ, ಒಣಮೀನು ಇವೆಲ್ಲ ಎಷ್ಟೋ ಕನ್ನಡಿಗರಿಗೆ ಮೊಸಳೆಗಿಂತ ದೂರದ ತಿನಿಸುಗಳು. ಒಣಮೀನು ಹುರಿದ ವಾಸನೆಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ತಪ್ಪುವುದುಂಟು. ಹೊರದೇಶದ ಹುಳಕ್ಕೆ ತೋರಿಸುವ ಔದಾರ್ಯವನ್ನು ನೆರೆಮನೆಯ ಪಾತ್ರೆಗೆ ತೋರಿಸಲಾಗದವನ ಚಪಲವನ್ನು ಶೋಕಿ ಎಂದು ಕರೆದರೆ ತಪ್ಪಿಲ್ಲ. ತಿನ್ನಲೇಬೇಕೆಂದು ನಾನು ಹೇಳುತ್ತಿಲ್ಲ. ನೇಮ, ನಂಬಿಕೆ, ಪ್ರಾಣಿದಯೆ ಯಾವ ಕಾರಣಕ್ಕೇ ಆಗಲಿ ‘ನಾನು ತಿನ್ನುವುದಿಲ್ಲ’ ಎನ್ನುವ ಹಕ್ಕು ಪೂರ್ತಿಯಾದದ್ದು, ಅದಕ್ಕೆ ವಿವರಣೆಯನ್ನೂ ಕೊಡಬೇಕಿಲ್ಲ. ‘ಛೀ’ ಎನ್ನುವ ಹಕ್ಕು ಅದರ ಜೊತೆ ಉಚಿತವಾಗಿ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಎರಡನೆಯ ಆಕ್ಷೇಪಣೆ ನನ್ನ ವಾದವನ್ನೇ ಹಿಡಿದು ತಿರುಗಿಸುತ್ತದೆ. ಅಡುಗೆಮನೆ ಇದ್ದರೆ ಸಾಕು ಎನ್ನುವುದಾದರೆ ಕಾಡುಹಂದಿಗೂ ಉಡಕ್ಕೂ ಅಡುಗೆಮನೆ ಇತ್ತಲ್ಲ, ಅವನ್ನು ಯಾಕೆ ಬೇಡ ಎನ್ನುತ್ತೀರಿ? ಸಾಕು ಎಂದು ನಾನು ಹೇಳಿಲ್ಲ, ಬೇಕು ಎಂದಿದ್ದೇನೆ. ಕಾಡಿನ ಲೆಕ್ಕ ಬೇರೆ ಇದೆ, ಅದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡಿಕೊಳ್ಳುತ್ತದೆ. ಪೇಟೆಯಿಂದ ಕಾರಿನಲ್ಲಿ ಬಂದು ‘ಕಾಡಿನ ಐಟಂ ಏನಾದ್ರೂ ಸಿಗುತ್ತಾ’ ಎಂದು ಪಿಸುಗುಟ್ಟುವವರ ಚಪಲಕ್ಕೆ ಯಾವ ಅಡುಗೆಮನೆಯ ಆಸರೆಯೂ ಇಲ್ಲ. ಕಪ್ಪೆಯ ಕಾಲನ್ನು ನಮ್ಮ ದೇಶವೇ ವಿದೇಶಕ್ಕೆ ರಫ್ತು ಮಾಡುತ್ತಿತ್ತು. ಗದ್ದೆಗಳಲ್ಲಿ ಕೀಟ ತಿನ್ನಲು ಕಪ್ಪೆಗಳೇ ಇಲ್ಲವಾಗುತ್ತವೆ ಎಂಬ ಆತಂಕ ಹೆಚ್ಚಿ 1987ರಲ್ಲಿ ಅದನ್ನು ನಿಲ್ಲಿಸಿತು. ಅಡುಗೆಮನೆ ಎಂಬುದು ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ಕೊಡಗಿನ ಪಂದಿ ಕರಿಯ ಹಿಂದೆ ಬೇಟೆಯ ಕಾಡುಹಂದಿ ಇತ್ತು, ಇಂದು ಸಾಕಿದ ಹಂದಿ ಇದೆ. ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಬತ್ತಿಸಿ ಮಾಡಿದ ಕಪ್ಪು ಕಾಚಂಪುಳಿ, ಹುರಿದು ಪುಡಿಮಾಡಿದ ಮಸಾಲೆ, ಪಕ್ಕದಲ್ಲಿ ಅಕ್ಕಿತರಿಯ ಉಂಡೆ ಕಡುಂಬುಟ್ಟು ಎಲ್ಲ ಹಾಗೇ ಇವೆ. ಮಾಂಸ ಬದಲಾದರೂ ಅಡುಗೆ ಉಳಿಯಿತು. ಅಡುಗೆಯ ಜೀವ ಎಲ್ಲಿರುತ್ತದೆ ಎಂದು ಇದರಿಂದಲೇ ತಿಳಿಯಬಹುದು.

ಹಾಗಾದರೆ ಮೊದಲ ಸಲ ತಿನ್ನುವವರು ಏನು ಮಾಡಬೇಕು? ಹುಳವನ್ನೋ ಹಂದಿಯನ್ನೋ ಒಂಟಿಯಾಗಿ ತಟ್ಟೆಯಲ್ಲಿಟ್ಟುಕೊಂಡು, ಎದುರಿಗೆ ಮೊಬೈಲ್ ಇಟ್ಟು ಮುಖ ಕಿವುಚುವುದನ್ನು ಬಿಟ್ಟುಬಿಡಬೇಕು. ಆ ತಿನಿಸನ್ನು ದಿನಾ ಉಣ್ಣುವವರು ಯಾವುದರ ಜೊತೆ ಉಣ್ಣುತ್ತಾರೋ ಅದರ ಜೊತೆಗೇ ಉಣ್ಣಬೇಕು. ಚಿಗಳಿಗೆ ರೊಟ್ಟಿ, ಪಂದಿಗೆ ಕಡುಂಬುಟ್ಟು. ಮೊದಲ ದಿನ ಸ್ವಲ್ಪವೇ ಬಡಿಸಿಕೊಳ್ಳಬೇಕು, ಹಂದಿ ಮಾಂಸವಾದರೆ ಒಳಗೆ ಕೆಂಪು ಉಳಿಯದಂತೆ ಬೆಂದಿದೆಯೇ ನೋಡಬೇಕು, ಮರುವಾಯಿ ಎಂಬ ಕಪ್ಪೆಚಿಪ್ಪು ಬೆಂದ ಮೇಲೂ ಬಾಯಿ ಬಿಡದಿದ್ದರೆ ತೆಗೆದು ಹೊರಗೆ ಹಾಕಬೇಕು. ಇಷ್ಟವಾಗದಿದ್ದರೆ ಹೇಳಿಬಿಡಬಹುದು, ಉಣಬಡಿಸಿದವರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಅವರಿಗೂ ನಮ್ಮ ತಟ್ಟೆಯಲ್ಲಿ ಒಗ್ಗದ್ದು ಏನಾದರೂ ಇದ್ದೇ ಇರುತ್ತದೆ. ಇನ್ನೊಂದು ಮಾತನ್ನು ಮಾತ್ರ ಮರೆಯಬೇಡಿ. ಸಿಗಡಿ, ಏಡಿಗಳಲ್ಲಿ ಅಲರ್ಜಿ ತರುವ ಪ್ರೋಟೀನಿನ ನೆಂಟ ಇರುವೆ, ರೇಷ್ಮೆಹುಳುಗಳಲ್ಲೂ ಇದೆ. ಸಿಗಡಿ ತಿಂದರೆ ಮೈ ದದ್ದರಿಸುವವರು, ತುಟಿ ಊದುವವರು, ಯಾರು ಎಷ್ಟೇ ಉಪಚಾರ ಮಾಡಿ ಬಡಿಸಿದರೂ ಚಿಗಳಿ ಚಟ್ನಿಯ ತಂಟೆಗೆ ಹೋಗಬೇಡಿ.